ಹೈಸ್ಕೂಲ್ ರೋಯಿಂಗ್: ನೋವಿಸ್ ತಂಡಕ್ಕೆ ಸೇರುವವರಿಗೆ ಮೊದಲ ಸೀಸನ್ನಿನ ಕೈಪಿಡಿ

ಅಮೆರಿಕದಲ್ಲಿ ಒಂಬತ್ತನೇ ಕ್ಲಾಸಿಗೆ ಕಾಲಿಡುವ ಹೊತ್ತಿಗೆ ಸಾಕರ್, ಟೆನಿಸ್, ಈಜು ಎಲ್ಲದರಲ್ಲೂ ಐದಾರು ವರ್ಷ ಪಳಗಿದ ಮಕ್ಕಳು ಮುಂದೆ ನಿಂತಿರುತ್ತಾರೆ. ಹುಟ್ಟು ಹಾಕಿ ದೋಣಿ ಓಡಿಸುವ ಆಟವಾದ ರೋಯಿಂಗ್‌ನಲ್ಲಿ ಹಾಗಿಲ್ಲ. ಹೊಸದಾಗಿ ಸೇರುವವರಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಹುಟ್ಟನ್ನು ಕೈಯಲ್ಲಿ ಹಿಡಿದೇ ಇರುವುದಿಲ್ಲ. ಮೊದಲ ವರ್ಷದವರನ್ನು ನೋವಿಸ್ ಎಂದು ಕರೆಯುತ್ತಾರೆ. ಅವರಿಗೆ ಸಾಮಾನ್ಯವಾಗಿ ಬೇರೆ ಕೋಚ್ ಇರುತ್ತಾರೆ, ರೆಗಾಟಾಗಳಲ್ಲಿ, ಅಂದರೆ ದೋಣಿ ಪಂದ್ಯಗಳಲ್ಲಿ, ಬೇರೆ ವಿಭಾಗ ಇರುತ್ತದೆ. ಆಟಗಳಲ್ಲಿ ಆಸಕ್ತಿ ತಡವಾಗಿ ಹುಟ್ಟಿದ ಹುಡುಗ ಹುಡುಗಿಯರಿಗೆ ಇಷ್ಟು ಒಳ್ಳೆಯ ಬಾಗಿಲು ಇನ್ನೊಂದಿಲ್ಲ.

ಈ ವರ್ಷ ಕೋಚ್ ನಿಮ್ಮಲ್ಲಿ ಮುಖ್ಯವಾಗಿ ಹುಡುಕುವುದು ಎರಡು ಸಂಗತಿ. ದಿನಾ ಬರುತ್ತೀರಾ? ಎದುರಿಗಿನವರ ಬೆನ್ನು ನೋಡಿಕೊಂಡು, ಅವರು ಚಲಿಸಿದಾಗಲೇ ಚಲಿಸುತ್ತೀರಾ? ತೋಳಿನ ಬಲ ನಿಧಾನವಾಗಿ ಬಂದರೂ ನಡೆಯುತ್ತದೆ. ಇವೆರಡು ಇಲ್ಲದಿದ್ದರೆ ಬಲ ಇದ್ದೂ ದೋಣಿ ಓಡುವುದಿಲ್ಲ. ಮುಂದೆ ಹೇಳುವುದೆಲ್ಲ ಈ ಎರಡಕ್ಕೇ ಸಂಬಂಧಿಸಿದ್ದು.

ಸೇರುವ ಮೊದಲು ವಿಚಾರಿಸಬೇಕಾದ್ದು

ಫಿಲಡೆಲ್ಫಿಯಾ, ಉತ್ತರ ವರ್ಜೀನಿಯಾ ಸುತ್ತಮುತ್ತ ಅನೇಕ ಹೈಸ್ಕೂಲ್‌ಗಳಿಗೆ ಸ್ವಂತ ತಂಡವೇ ಇದೆ. ಪಶ್ಚಿಮ ಕರಾವಳಿಯಲ್ಲಿ ಕ್ಲಬ್‌ಗಳೇ ಹೆಚ್ಚು. ಬೇರೆ ಬೇರೆ ಶಾಲೆಗಳ ಮಕ್ಕಳು ಒಂದೇ ದೋಣಿಯಲ್ಲಿ ಕೂರುತ್ತಾರೆ. ಕನ್ನಡದ ಮನೆಗಳು ಹೆಚ್ಚಿರುವ ಊರುಗಳ ಹತ್ತಿರವೇ ಒಳ್ಳೆಯ ನೀರು ಇದೆ. ಸಾನ್ ಹೋಸೆ ಕಡೆಯವರಿಗೆ ಲೆಕ್ಸಿಂಗ್ಟನ್ ಜಲಾಶಯದಲ್ಲಿ ಅಭ್ಯಾಸ ಮಾಡುವ ಲಾಸ್ ಗ್ಯಾಟೋಸ್ ಕ್ಲಬ್, ನ್ಯೂಜೆರ್ಸಿಯವರಿಗೆ ವೆಸ್ಟ್ ವಿಂಡ್ಸರ್‌ನ ಮರ್ಸರ್ ಕೆರೆ, ಬಾಸ್ಟನ್ನಿನವರಿಗೆ ಚಾರ್ಲ್ಸ್ ನದಿ, ಸಿಯಾಟಲ್‌ನವರಿಗೆ ಗ್ರೀನ್ ಲೇಕ್. ಎಷ್ಟೋ ಕ್ಲಬ್‌ಗಳು ಬೇಸಿಗೆ ರಜೆಯಲ್ಲಿ ಒಂದೆರಡು ವಾರದ ಕಲಿಕಾ ಶಿಬಿರ ನಡೆಸುತ್ತವೆ. ಇಡೀ ಸೀಸನ್ನಿನ ಶುಲ್ಕ ಕಟ್ಟುವ ಮೊದಲು ಆಟ ನಿಮಗೆ ಹಿಡಿಸುತ್ತದೆಯೇ ಎಂದು ತಿಳಿಯಲು ಆ ಶಿಬಿರವೇ ಸರಿಯಾದ ದಾರಿ.

ಸೆಪ್ಟೆಂಬರಿನಲ್ಲಿ ಶುರುವಾಗುವ ಫಾಲ್ ಸೀಸನ್ನಿಗೇ ಸೇರಿ. ಫಾಲ್‌ನ ರೇಸ್‌ಗಳು ಹೆಚ್ಚು ಕಡಿಮೆ 5 ಕಿಲೋಮೀಟರ್ ಉದ್ದದವು; ದೋಣಿಗಳು ಒಂದರ ಹಿಂದೊಂದು ಹೊರಟು ಗಡಿಯಾರದ ವಿರುದ್ಧ ಓಡುತ್ತವೆ. ವೇಗ ಕಡಿಮೆ, ಸ್ಟ್ರೋಕ್ (ಹುಟ್ಟಿನ ಒಂದೊಂದು ಎಳೆತ) ನಿಧಾನ. ಹಾಗಾಗಿ ಕೈಕಾಲಿನ ಕ್ರಮ ಮೈಗೂಡಲು ಸಮಯ ಸಿಗುತ್ತದೆ. ಚಳಿಗಾಲ ಜಿಮ್ಮಿನಲ್ಲಿ ಕಳೆಯುತ್ತದೆ. ಮಾರ್ಚಿನಿಂದ ಮೇ ತನಕದ ಸ್ಪ್ರಿಂಗ್ ಸೀಸನ್ನಿನಲ್ಲಿ 1500 ಅಥವಾ 2000 ಮೀಟರ್, ಅಕ್ಕಪಕ್ಕದ ಲೇನುಗಳಲ್ಲಿ ನೇರ ಓಟ. ಸ್ಪ್ರಿಂಗ್‌ಗೆ ಸೇರಿದವರು ಕಲಿಯುವುದನ್ನೂ ಓಡುವುದನ್ನೂ ಒಟ್ಟಿಗೇ ಮಾಡಬೇಕಾಗುತ್ತದೆ.

ಶುಲ್ಕ ಕೇಳುವಾಗ ಅದರಲ್ಲಿ ಏನೇನು ಸೇರಿದೆ ಎಂದೂ ಕೇಳಿ. ಸೀಸನ್ನಿಗೆ ಸಾವಿರ ಡಾಲರ್ ದಾಟುವ ಕ್ಲಬ್‌ಗಳು ಅನೇಕ. ಅದರ ಮೇಲೆ ರೇಸ್ ಪ್ರಯಾಣ, ಯೂನಿಸೂಟ್ (ರೇಸ್‌ಗೆ ತೊಡುವ ಒಂದೇ ತುಂಡಿನ ಉಡುಪು), ದೇಶದ ರೋಯಿಂಗ್ ಸಂಸ್ಥೆಯಾದ ಯುಎಸ್ ರೋಯಿಂಗ್ ಸದಸ್ಯತ್ವ ಬೇರೆ ಬರಬಹುದು. ಶುಲ್ಕ ವಿನಾಯಿತಿ ಅನೇಕ ಕಡೆ ಇದೆ, ಅರ್ಜಿ ಹಾಕಲು ಸಂಕೋಚ ಬೇಡ. ಅಪ್ಪ ಅಮ್ಮ ಕೇಳಲೇಬೇಕಾದ ಪ್ರಶ್ನೆಗಳು ಬೇರೆ: ನೀರಿಗಿಳಿದ ದೋಣಿಗಳ ಜೊತೆ ಕೋಚ್ ಮೋಟಾರ್ ಲಾಂಚ್‌ನಲ್ಲಿ (ಎಂಜಿನ್ ಇರುವ ಸಣ್ಣ ದೋಣಿಯಲ್ಲಿ) ಸದಾ ಇರುತ್ತಾರೆಯೇ? ಆ ಲಾಂಚ್‌ನಲ್ಲಿ ಎಲ್ಲರಿಗೂ ಸಾಲುವಷ್ಟು ಲೈಫ್ ಜಾಕೆಟ್ ಇದೆಯೇ? ಗುಡುಗು ಕೇಳಿದರೆ ನಿಯಮವೇನು? (ಕೊನೆಯ ಗುಡುಗಿನ ನಂತರ 30 ನಿಮಿಷ ನೀರಿಗಿಳಿಯಬಾರದು ಎಂಬುದು ಸಾಮಾನ್ಯ ನಿಯಮ.) ಕೋಚ್‌ಗಳೆಲ್ಲ ಸೇಫ್‌ಸ್ಪೋರ್ಟ್ ತರಬೇತಿ (ಆಟಗಾರರನ್ನು ದೌರ್ಜನ್ಯದಿಂದ ಕಾಪಾಡುವ ತರಬೇತಿ) ಮುಗಿಸಿದ್ದಾರೆಯೇ? ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವ ಕ್ಲಬ್ ಬೇಡ.

ಇನ್ನು ಸಮಯ. ವಾರಕ್ಕೆ ಐದು ಅಥವಾ ಆರು ದಿನ, ದಿನಕ್ಕೆ ಎರಡರಿಂದ ಎರಡೂವರೆ ಗಂಟೆ, ಜೊತೆಗೆ ಓಡಾಟ. ಶನಿವಾರದ ಬೆಳಗು ಬಹುಪಾಲು ಇದಕ್ಕೇ ಹೋಗುತ್ತದೆ. ಕನ್ನಡ ಕಲಿ ತರಗತಿ, ಸಂಗೀತ, ಭರತನಾಟ್ಯ ವಾರಾಂತ್ಯಕ್ಕಿದ್ದರೆ ಮೊದಲೇ ಕೂತು ಮಾತಾಡಿ, ಕೋಚ್‌ಗೂ ತಿಳಿಸಿ. ಬೇರೆ ಆಟಗಳಲ್ಲಿ ಒಬ್ಬರು ಬರದಿದ್ದರೆ ಬೆಂಚಿನ ಮೇಲಿರುವವರು ಆಡುತ್ತಾರೆ. ಎಂಟು ಸೀಟಿನ ದೋಣಿಗೆ ಏಳು ಜನ ಬಂದರೆ, ಬದಲಿ ಸಿಗದ ದಿನ, ಉಳಿದ ಏಳು ಜನ ಮತ್ತು ಕಾಕ್ಸ್ (ಹುಟ್ಟು ಹಾಕದೆ ಚುಕ್ಕಾಣಿ ಹಿಡಿದು ಆದೇಶ ಕೊಡುವವರು) ದಡದಲ್ಲೇ ಉಳಿಯುತ್ತಾರೆ.

ಈಜು ಬರಲೇಬೇಕು

ಇದರಲ್ಲಿ ರಾಜಿ ಇಲ್ಲ. ಕ್ಲಬ್‌ನಿಂದ ಕ್ಲಬ್‌ಗೆ ಪರೀಕ್ಷೆ ಬದಲಾಗುತ್ತದೆ. ಕಾಲು ಕೈ ಆಡಿಸುತ್ತ ನೀರಲ್ಲಿ ನಿಂತ ಹಾಗೇ ಸುಮಾರು 10 ನಿಮಿಷ ತೇಲುವುದು, 50 ರಿಂದ 100 ಗಜ ಈಜುವುದು, ನೀರಿನಲ್ಲಿದ್ದಾಗಲೇ ಲೈಫ್ ಜಾಕೆಟ್ ತೊಡುವುದು: ಇಷ್ಟು ಬಂದರೆ ಹೆಚ್ಚಿನ ಕಡೆ ಸಾಕು. ಎಡವುವುದು ಮೂರನೆಯದರಲ್ಲಿ. ಜಾಕೆಟ್ಟನ್ನು ಅಂಗಿಯಂತೆ ಹಾಕಿಕೊಳ್ಳಲು ಹೋದರೆ ಎರಡನೇ ತೋಳು ಸಿಗುವುದಿಲ್ಲ. ಜಾಕೆಟ್ಟಿನ ಒಳಭಾಗ ಮೇಲಕ್ಕೆ, ಕತ್ತಿನ ಭಾಗ ನಿಮ್ಮ ಕಡೆಗೆ ಬರುವಂತೆ ನೀರಿನ ಮೇಲೆ ಹರಡಿ, ಎರಡೂ ತೋಳು ತೂರಿಸಿ, ತಲೆಯ ಮೇಲಿಂದ ಹಿಂದಕ್ಕೆ ಎತ್ತಿ ಹಾಕಿಕೊಳ್ಳಿ.

ಈಜು ಬಾರದಿದ್ದರೆ ಜೂನ್‌ನಿಂದಲೇ ವೈಎಂಸಿಎ ಅಥವಾ ಊರಿನ ಪೂಲ್‌ನಲ್ಲಿ ತರಗತಿ ಸೇರಿದರೆ ಸೆಪ್ಟೆಂಬರಿಗೆ ಸಾಮಾನ್ಯವಾಗಿ ಆಗುತ್ತದೆ. ದೋಣಿ ಮಗುಚುವುದು ಎಂಟರ ದೋಣಿಯಲ್ಲಿ ಅಪರೂಪ, ಒಬ್ಬರ ದೋಣಿಯಲ್ಲಿ ಮಾಮೂಲು. ಎರಡರಲ್ಲೂ ನಿಯಮ ಒಂದೇ: ದೋಣಿ ಬಿಟ್ಟು ಈಜಬಾರದು. ಮಗುಚಿದ ದೋಣಿಯೂ ತೇಲುತ್ತದೆ. ದಡ ಎಷ್ಟೇ ಹತ್ತಿರ ಕಂಡರೂ ದೋಣಿಯನ್ನು ಹಿಡಿದು ಲಾಂಚ್ ಬರುವವರೆಗೆ ಕಾಯಿರಿ. ಮಾರ್ಚಿನ ನೀರು ಕೊರೆಯುವಷ್ಟು ತಣ್ಣಗಿರುತ್ತದೆ. ಅದರಲ್ಲಿ ಬಿದ್ದವರ ಉಸಿರು ಮೊದಲ ನಿಮಿಷ ಹಿಡಿತಕ್ಕೆ ಸಿಗುವುದಿಲ್ಲ, ಒಳ್ಳೆಯ ಈಜುಗಾರರಿಗೂ ಅಷ್ಟೇ.

ಏನು ತೊಡಬೇಕು, ಏನು ತಿನ್ನಬೇಕು

ನೀವು ಕೂರುವ ಸೀಟು ಚಕ್ರಗಳ ಮೇಲೆ ಹಿಂದೆ ಮುಂದೆ ಓಡುತ್ತದೆ. ಸಡಿಲವಾದ ಚಡ್ಡಿ ಆ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಜೇಬಿದ್ದರೆ ಹುಟ್ಟಿನ ಹಿಡಿ ಅದಕ್ಕೆ ತಗಲುತ್ತದೆ. ಮೈಗಂಟುವ ಸ್ಪ್ಯಾಂಡೆಕ್ಸ್ ಶಾರ್ಟ್ಸ್, ಮೈಗಂಟುವ ಟೀಶರ್ಟ್, ಎರಡು ಜೊತೆ ಕಾಲುಚೀಲ ಸಾಕು. ಹತ್ತಿ ಬಟ್ಟೆ ಒದ್ದೆಯಾದರೆ ಒಣಗುವುದಿಲ್ಲ, ಚಳಿಗೆ ಬೇಡ. ಸಿಂಥೆಟಿಕ್ ಅಥವಾ ಉಣ್ಣೆಯದನ್ನು ಒಂದರ ಮೇಲೊಂದು ಹಾಕಿ. ಶೂಗಳು ದೋಣಿಗೇ ಜೋಡಿಸಿರುತ್ತವೆ, ಆದ್ದರಿಂದ ಡಾಕ್ ತನಕ ಹೋಗಲು ಸುಲಭವಾಗಿ ಕಳಚುವ ಚಪ್ಪಲಿ ಇರಲಿ. ಉಂಗುರ, ಬಳೆ, ಸರ ಮನೆಯಲ್ಲೇ ಇರಲಿ. ಕನ್ನಡಕಕ್ಕೆ ಪಟ್ಟಿ ಕಟ್ಟಿ. ಆಸ್ತಮಾ ಇದ್ದರೆ ಇನ್‌ಹೇಲರನ್ನು ನೀರು ಹೋಗದ ಚೀಲದಲ್ಲಿ ಹಾಕಿ ಕೋಚ್‌ಗೆ ಕೊಡಿ.

ಅಂಗೈ ಬೊಕ್ಕೆ ಯಾರನ್ನೂ ಬಿಡುವುದಿಲ್ಲ. ಮೊದಲ ಎರಡು ಮೂರು ವಾರ ಬೆರಳುಗಳ ಬುಡದಲ್ಲಿ ಏಳುತ್ತವೆ. ಹೆಚ್ಚು ಏಳುವುದು ಹಿಡಿಯನ್ನು ಬಿಗಿಯಾಗಿ ಹಿಂಡುವುದರಿಂದ. ಸಿಟಿ ಬಸ್ಸಿನ ಕಂಬಿಗೆ ಜೋತುಬಿದ್ದಾಗ ಬೆರಳು ಹೇಗೆ ಕೊಕ್ಕೆಯಾಗಿರುತ್ತವೋ ಹಾಗೆ ಹಿಡಿದರೆ ಸಾಕು. ಅಂಗೈ ಹಿಡಿಗೆ ಒತ್ತಬೇಕಿಲ್ಲ. ಗ್ಲೌಸ್ ಹಾಕಬೇಡಿ, ಹಿಡಿಯ ಸ್ಪರ್ಶ ಹೋಗುತ್ತದೆ, ಚರ್ಮವೂ ಗಟ್ಟಿಯಾಗುವುದಿಲ್ಲ. ಬೊಕ್ಕೆ ಒಡೆದರೆ ಸೋಪಿನಲ್ಲಿ ತೊಳೆದು, ಸಿಪ್ಪೆ ಕೀಳದೆ, ತೆಳುವಾಗಿ ಅಥ್ಲೆಟಿಕ್ ಟೇಪ್ ಸುತ್ತಿ. ಹಿಡಿಗೆ ರಕ್ತ ತಾಗಿದ್ದರೆ ಸೋಂಕುನಾಶಕದಿಂದ ಒರೆಸಿಯೇ ಇಡಬೇಕು, ನಾಳೆ ಅದನ್ನು ಇನ್ನೊಬ್ಬರು ಹಿಡಿಯುತ್ತಾರೆ.

ಅಭ್ಯಾಸಕ್ಕೆ ಒಂದು ಒಂದೂವರೆ ಗಂಟೆ ಮೊದಲು ಬಾಳೆಹಣ್ಣು, ಜಾಮ್ ಸವರಿದ ಚಪಾತಿ, ಒಂದು ಸಣ್ಣ ಬಟ್ಟಲು ಅವಲಕ್ಕಿ, ಇಂಥದ್ದು ಸರಿ. ಬಿಸಿಬೇಳೆಭಾತ್ ಹೊಟ್ಟೆತುಂಬ ತಿಂದು ಬಂದರೆ ಪ್ರತಿ ಸ್ಟ್ರೋಕ್‌ಗೂ ತೊಡೆ ಹೊಟ್ಟೆಗೆ ಒತ್ತುತ್ತದೆ, ಅರ್ಧ ಗಂಟೆಯಲ್ಲಿ ವಾಂತಿ ಬಂದ ಹಾಗಾಗುತ್ತದೆ. ಮುಗಿದ ಮೇಲೆ ಗಂಟೆಯೊಳಗೆ ಊಟ ಬೇಕು. ಸಸ್ಯಾಹಾರಿಗಳು ಅನ್ನ ಸಾರಿಗೆ ನಿಲ್ಲಬೇಡಿ. ಹೆಸರುಕಾಳಿನ ಉಸಲಿ, ಕಡಲೆಕಾಳು, ಪನೀರ್, ಮೊಸರು, ಶೇಂಗಾ ಇವುಗಳಲ್ಲಿ ಎರಡಾದರೂ ತಟ್ಟೆಯಲ್ಲಿರಲಿ. ಮುಟ್ಟು ಶುರುವಾದ ಹುಡುಗಿಯರು ಸುಸ್ತು ಹೋಗದಿದ್ದರೆ ಡಾಕ್ಟರ ಹತ್ತಿರ ಕಬ್ಬಿಣಾಂಶ ಪರೀಕ್ಷೆ ಮಾಡಿಸಿಕೊಳ್ಳಿ, ತಾವಾಗಿಯೇ ಮಾತ್ರೆ ನುಂಗಬೇಡಿ.

ಅರ್ಗ್ ಮೇಲೆ ಮೊದಲ ದಿನಗಳು

ನೀರಿಗಿಳಿಯುವ ಮೊದಲು ಅರ್ಗ್ ಮೇಲೆ, ಅಂದರೆ ಹುಟ್ಟು ಹಾಕುವ ಅಭ್ಯಾಸದ ಯಂತ್ರದ ಮೇಲೆ, ಕೂರಿಸುತ್ತಾರೆ. ಹೆಚ್ಚಿನ ಬೋಟ್‌ಹೌಸ್‌ಗಳಲ್ಲಿ (ದೋಣಿ ಇಡುವ ಕಟ್ಟಡಗಳಲ್ಲಿ) ಇರುವುದು ಕಾನ್ಸೆಪ್ಟ್‌2 ಕಂಪನಿಯ ಯಂತ್ರ. ಚಕ್ರದ ಬದಿಯಲ್ಲಿ 1 ರಿಂದ 10 ರವರೆಗೆ ಅಂಕಿ ಇರುವ ಡ್ಯಾಂಪರ್ ಹಿಡಿ ಇದೆ. ಹುಡುಗರು ಕೂತ ಕೂಡಲೇ ಅದನ್ನು 10ಕ್ಕೆ ಏರಿಸುತ್ತಾರೆ. ಅದು ಸೈಕಲ್ಲಿನ ಗೇರ್ ಇದ್ದಂತೆ ಭಾರ ಬದಲಿಸುತ್ತದೆಯೇ ಹೊರತು ನಿಮ್ಮನ್ನು ಬಲಶಾಲಿ ಮಾಡುವುದಿಲ್ಲ. ಬೆನ್ನು ನೋವಿಗೆ ಅದೇ ಹತ್ತಿರದ ದಾರಿ. 3 ರಿಂದ 5ರ ನಡುವೆ ಇಡಿ. ಯಂತ್ರದಿಂದ ಯಂತ್ರಕ್ಕೆ ವ್ಯತ್ಯಾಸ ಇರುವುದರಿಂದ ಪರದೆಯಲ್ಲಿ ಡ್ರ್ಯಾಗ್ ಫ್ಯಾಕ್ಟರ್ (ಚಕ್ರಕ್ಕೆ ನಿಜವಾಗಿ ಎಷ್ಟು ತಡೆ ಇದೆ ಎಂಬ ಅಂಕಿ) ನೋಡುವುದು ಇನ್ನೂ ಒಳ್ಳೆಯದು. 110 ರಿಂದ 130 ನೋವಿಸ್‌ಗೆ ಸರಿ, ಹಗುರ ಮೈಯವರಿಗೆ ಅದರ ಕೆಳತುದಿ. ಕಾಲಿನ ಪಟ್ಟಿ ಬೆರಳುಗಳ ಬುಡದ ಮೇಲೆ ಬರುವಂತೆ ಕಾಲ್ಹಲಗೆಯ ಎತ್ತರ ಹೊಂದಿಸಿ.

ಸ್ಟ್ರೋಕ್‌ನಲ್ಲಿ ನಾಲ್ಕು ಘಟ್ಟ: ಕ್ಯಾಚ್, ಡ್ರೈವ್, ಫಿನಿಶ್, ರಿಕವರಿ. ಮಂಡಿ ಮಡಚಿ, ಮೊಣಕಾಲು ಗಂಟಿನಿಂದ ಪಾದದವರೆಗೆ ನೇರವಾಗಿ ನಿಂತ ಸ್ಥಿತಿ ಕ್ಯಾಚ್. ಅಲ್ಲಿಂದ ಡ್ರೈವ್: ಮೊದಲು ಕಾಲು ಒದೆಯುತ್ತವೆ, ಕಾಲುಗಳನ್ನು ಮುಕ್ಕಾಲು ಪಾಲು ಚಾಚಿದ ಮೇಲೆ ಬೆನ್ನು ಹಿಂದಕ್ಕೆ ತೆರೆಯುತ್ತದೆ, ಕೊನೆಗೆ ತೋಳು ಹಿಡಿಯನ್ನು ಪಕ್ಕೆಲುಬಿನ ಕೆಳಗಿನವರೆಗೆ ಎಳೆಯುತ್ತದೆ. ಅದೇ ಫಿನಿಶ್. ವಾಪಸು ಹೋಗುವ ರಿಕವರಿಯಲ್ಲಿ ಇದೇ ಕ್ರಮ ಉಲ್ಟಾ: ತೋಳು, ಸೊಂಟದಿಂದ ಮುಂದಕ್ಕೆ ಬಾಗುವುದು, ಆಮೇಲೆ ಮಂಡಿ. ಹಿಡಿ ಮಂಡಿಯನ್ನು ದಾಟುವವರೆಗೆ ಮಂಡಿ ಏಳಲೇಬಾರದು. ಇದನ್ನು ಕೂಡಿಸಲು ಮೊದಲು ಬರೀ ತೋಳು 20 ಸ್ಟ್ರೋಕ್, ಆಮೇಲೆ ತೋಳು ಬೆನ್ನು 20, ಅರ್ಧ ಸ್ಲೈಡ್ (ಸೀಟನ್ನು ಅರ್ಧ ದಾರಿಯಷ್ಟೇ ಓಡಿಸಿ) 20, ಕೊನೆಗೆ ಪೂರ್ತಿ. ಪ್ರತಿ ದಿನ ಇದರಿಂದಲೇ ಶುರು ಮಾಡಿ.

ಎಲ್ಲರೂ ಮಾಡುವ ಒಂದು ತಪ್ಪಿದೆ. ಕಾಲು ಒದೆಯುತ್ತದೆ, ಸೀಟು ಹಿಂದಕ್ಕೆ ಓಡುತ್ತದೆ, ಹಿಡಿ ಮಾತ್ರ ಇದ್ದಲ್ಲೇ ಇರುತ್ತದೆ. ಸೊಂಟ ಓಡಿ ಭುಜ ಹಿಂದುಳಿಯಿತು ಎಂದರ್ಥ. ಕಾಲಿನ ಬಲ ಸರಪಳಿಗೆ ತಲುಪುವುದೇ ಇಲ್ಲ. ಆಮೇಲೆ ಇಡೀ ಭಾರವನ್ನು ಬೆನ್ನೊಂದೇ ಎಳೆಯಬೇಕಾಗುತ್ತದೆ, ಹಾಗಾಗಿ ಕೆಳಬೆನ್ನು ನೋಯುತ್ತದೆ. ಇದರ ಮೂಲ ಡ್ರೈವ್‌ನಲ್ಲಿಲ್ಲ, ರಿಕವರಿಯಲ್ಲಿದೆ. ಸೊಂಟದಿಂದ ಬಾಗುವ ಕೆಲಸ ಮುಗಿಸದೆ ಮುಂದೆ ಬಂದವರು ಕ್ಯಾಚ್‌ನಲ್ಲಿ ಇನ್ನೂ ಸ್ವಲ್ಪ ಸಿಗಲಿ ಎಂದು ಭುಜ ಚಾಚುತ್ತಾರೆ, ಹೊಟ್ಟೆಯ ಬಿಗಿ ಸಡಿಲವಾಗುತ್ತದೆ. ಪಕ್ಕದಿಂದ ಯಾರಾದರೂ ಮೊಬೈಲಿನಲ್ಲಿ 10 ಸ್ಟ್ರೋಕ್ ವಿಡಿಯೋ ತೆಗೆದರೆ ಸಾಕು: ಸೀಟು ಹೊರಟ ಕ್ಷಣದಲ್ಲೇ ಹಿಡಿಯೂ ಹೊರಡುತ್ತದೆಯೇ ನೋಡಿ. ಬೆನ್ನಿಗೋ ಪಕ್ಕೆಲುಬಿಗೋ ಚುಚ್ಚುವ ನೋವು ಬಂದರೆ ಅದೇ ದಿನ ಕೋಚ್‌ಗೆ ಹೇಳಿ. ಸಹಿಸಿಕೊಂಡು ಎಳೆದ ಪಕ್ಕೆಲುಬಿನ ನೋವು ಮೂಳೆಯ ಸಣ್ಣ ಬಿರುಕಾಗಿ ವಾರಗಟ್ಟಲೆ ಕೂರಿಸುತ್ತದೆ.

ದೋಣಿ ಎತ್ತುವುದು, ಹತ್ತುವುದು

ನೋವಿಸ್‌ಗಳನ್ನು ಹೆಚ್ಚಾಗಿ ಎಂಟರ ದೋಣಿಗೆ ಹಾಕುತ್ತಾರೆ. ಉದ್ದ ಸುಮಾರು 18 ಮೀಟರ್. ಅಂತರರಾಷ್ಟ್ರೀಯ ನಿಯಮದಲ್ಲಿ ಅದರ ಕನಿಷ್ಠ ತೂಕ 96 ಕಿಲೋ, ತಲೆಗೆ 12 ಕಿಲೋ. ಕ್ಲಬ್‌ನ ಹಳೆಯ ದೋಣಿ ಇನ್ನೂ ಭಾರ ಇರಬಹುದು. ಹೊರಲು ಕಷ್ಟವಿಲ್ಲ, ಆದರೆ ಒಬ್ಬರು ಮುಂಚೆ ಎತ್ತಿದರೆ ದೋಣಿ ತಿರುಚಿಕೊಳ್ಳುತ್ತದೆ. ಅದಕ್ಕೇ ಬೋಟ್‌ಹೌಸ್‌ನಲ್ಲಿ ಮಾತಾಡುವ ಹಕ್ಕು ಕಾಕ್ಸ್‌ಗೆ ಮಾತ್ರ. ‘ಹ್ಯಾಂಡ್ಸ್ ಆನ್’ ಎಂದರೆ ದೋಣಿ ಮುಟ್ಟಿ ನಿಲ್ಲಿ. ‘ರೆಡಿ, ಅಪ್’ ಎಂದಾಗ ಎತ್ತಿ. ‘ಶೋಲ್ಡರ್ಸ್’ ಎಂದರೆ ಭುಜಕ್ಕೆ. ‘ವೇ ಎನಫ್’ ಎಂದರೆ ಏನು ಮಾಡುತ್ತಿದ್ದರೂ ನಿಲ್ಲಿಸಿ. ದಡದಲ್ಲೂ ನೀರಿನಲ್ಲೂ ಇದೊಂದೇ ಮಾತು. ಅಮೆರಿಕದ ಬೋಟ್‌ಹೌಸ್‌ಗಳಲ್ಲಿ ಇದನ್ನು ‘ವೇನಫ್’ ಎಂದು ಒಂದೇ ಉಸಿರಿಗೆ ಕೂಗುತ್ತಾರೆ, ಮೊದಲ ದಿನ ಅರ್ಥವಾಗುವುದಿಲ್ಲ, ಕಿವಿಗೆ ರೂಢಿ ಮಾಡಿಕೊಳ್ಳಿ.

ಸೀಟುಗಳ ಎಣಿಕೆ ದೋಣಿಯ ಮೂತಿಯಿಂದ. ಮೂತಿಯ ಹತ್ತಿರದ್ದು 1, ಅದಕ್ಕೆ ಬೋ ಎಂದು ಹೆಸರು. ಹಿಂತುದಿಯ 8ನೇ ಸೀಟಿನವರಿಗೂ ಸ್ಟ್ರೋಕ್ ಎಂದೇ ಹೆಸರು, ಇಡೀ ದೋಣಿಯ ಲಯ ಅವರದು. ರೋವರ್‌ಗಳು ಹಿಂಬದಿಗೆ ಮುಖ ಮಾಡಿ ಕೂರುತ್ತಾರೆ, ಆದ್ದರಿಂದ ದೋಣಿಯ ಎಡಬದಿಯಾದ ಪೋರ್ಟ್ ನಿಮ್ಮ ಬಲಗೈ ಕಡೆಗೆ, ಸ್ಟಾರ್‌ಬೋರ್ಡ್ ಎಡಗೈ ಕಡೆಗೆ ಬರುತ್ತದೆ. ಗೊಂದಲವಾದರೆ ಟೇಪ್ ನೋಡಿ: ಪೋರ್ಟ್ ಹುಟ್ಟಿಗೆ ಕೆಂಪು, ಸ್ಟಾರ್‌ಬೋರ್ಡ್‌ಗೆ ಹಸಿರು. ಸಾಮಾನ್ಯ ಜೋಡಣೆಯಲ್ಲಿ ಸಮ ಸಂಖ್ಯೆಯ ಸೀಟುಗಳು ಪೋರ್ಟ್.

ಹತ್ತುವಾಗ ದೋಣಿಯ ತಳಕ್ಕೆ ಕಾಲಿಡಬೇಡಿ. ಆ ತಳ ಕೆಲವೇ ಮಿಲಿಮೀಟರ್ ದಪ್ಪ, ಹಿಮ್ಮಡಿ ಸೀದಾ ನೀರಿಗೆ ಹೋಗುತ್ತದೆ. ಸ್ಲೈಡ್ ಹಳಿಗಳ ನಡುವೆ ಕಾಲಿಡಲೆಂದೇ ಒಂದು ಹಲಗೆ ಇದೆ, ಅದರ ಮೇಲೆ ಮಾತ್ರ. ಹುಟ್ಟು ಓರ್‌ಲಾಕ್‌ಗೆ (ಅದನ್ನು ಹಿಡಿದಿಡುವ ಕೊಂಡಿಗೆ) ಕೂತು, ಕೊಂಡಿಯ ಬಾಯಿ ಮುಚ್ಚುವ ಗೇಟಿನ ಸ್ಕ್ರೂ ಬಿಗಿದು, ಹೊರಕ್ಕೆ ತಳ್ಳಿದ ಮೇಲೆ ಹಿಡಿಯನ್ನು ಒಂದು ಕೈಯಲ್ಲಿ ಹಿಡಿದೇ ಕೂರಿ. ಹಿಡಿ ಬಿಟ್ಟರೆ ದೋಣಿ ವಾಲುತ್ತದೆ. ಎರಡೂ ಬದಿ ಚಾಚಿದ ಹುಟ್ಟುಗಳೇ ಅದಕ್ಕೆ ಆಧಾರ. ಕೂತ ತಕ್ಷಣ ಎರಡು ನೋಡಿಕೊಳ್ಳಿ: ಗೇಟ್ ಮುಚ್ಚಿದೆಯೇ, ಶೂಗಳ ಹಿಮ್ಮಡಿಗೆ ಕಟ್ಟಿದ ದಾರ ಗಟ್ಟಿಯಿದೆಯೇ. ದೋಣಿ ಮಗುಚಿದಾಗ ಶೂ ಅಲ್ಲೇ ಉಳಿದು ನಿಮ್ಮ ಕಾಲು ಕಳಚಿಕೊಳ್ಳುವುದು ಆ ದಾರದಿಂದ. ಹರಿದಿದ್ದರೆ ಹೊರಡುವ ಮೊದಲೇ ಹೇಳಿ.

ನೀರಿನಲ್ಲಿ

ಒಬ್ಬರಿಗೆ ಒಂದೇ ಹುಟ್ಟು ಇರುವ ಸ್ವೀಪ್ ದೋಣಿಯಲ್ಲಿ ಹೊರಗೈ ಹಿಡಿಯ ತುದಿಯಲ್ಲಿ, ಒಳಗೈ ಅದರಿಂದ ಎರಡು ಗೇಣಿಗಿಂತ ಕಮ್ಮಿ, ಎರಡು ಮುಷ್ಟಿಯಷ್ಟು ದೂರದಲ್ಲಿ. ಪೋರ್ಟ್‌ನವರಿಗೆ ಹೊರಗೈ ಎಂದರೆ ಎಡಗೈ. ಎಳೆಯುವುದು ಮುಖ್ಯವಾಗಿ ಹೊರಗೈ. ಬ್ಲೇಡ್ (ಹುಟ್ಟಿನ ತುದಿಯ ಅಗಲ ಭಾಗ) ತಿರುಗಿಸುವುದು ಒಳಗೈ. ಬ್ಲೇಡ್ ನೀರಿನಲ್ಲಿರುವಾಗ ನೆಟ್ಟಗೆ ನಿಂತಿರಬೇಕು, ಅದು ಸ್ಕ್ವೇರ್. ವಾಪಸು ಬರುವಾಗ ನೀರಿಗೆ ಸಮಾನಾಂತರವಾಗಿ ಮಲಗಬೇಕು, ಅದು ಫೆದರ್.

ಕ್ರ್ಯಾಬ್, ಅಂದರೆ ಬ್ಲೇಡ್ ನೀರಿನಲ್ಲಿ ಸಿಕ್ಕಿಕೊಳ್ಳುವುದು, ಆಗುವುದು ಇಲ್ಲಿಯೇ. ಫಿನಿಶ್‌ನಲ್ಲಿ ಬ್ಲೇಡ್ ಇನ್ನೂ ನೀರೊಳಗಿರುವಾಗಲೇ ಒಳಗೈ ತಿರುಗಿಸಿಬಿಟ್ಟರೆ, ಮಲಗಿದ ಬ್ಲೇಡನ್ನು ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ದೋಣಿ ಮುಂದೆ ಹೋಗುತ್ತಲೇ ಇರುತ್ತದೆ, ಬ್ಲೇಡ್ ಸಿಕ್ಕಿಕೊಂಡಿರುತ್ತದೆ, ಹಿಡಿ ಎದೆಗೋ ಹೊಟ್ಟೆಗೋ ಬಂದು ಗುದ್ದುತ್ತದೆ. ಕ್ಯಾಚ್‌ನಲ್ಲಿ ಬ್ಲೇಡ್ ಪೂರ್ತಿ ಸ್ಕ್ವೇರ್ ಆಗದೆ ಓರೆಯಾಗಿ ಇಳಿದರೂ ಇದೇ ಗತಿ. ಹಿಡಿಯ ಜೊತೆ ಗುದ್ದಾಡಬೇಡಿ. ಸಣ್ಣ ಕ್ರ್ಯಾಬ್ ಆದರೆ ಹಿಡಿಯನ್ನು ಕೆಳಕ್ಕೆ ಒತ್ತಿದರೆ ಬ್ಲೇಡ್ ಹೊರಬರುತ್ತದೆ. ದೊಡ್ಡದಾದರೆ ಹಿಂದಕ್ಕೆ ಮಲಗಿ, ಹಿಡಿ ತಲೆಯ ಮೇಲಿಂದ ಹಾದುಹೋಗಲು ಬಿಡಿ. ಕಾಕ್ಸ್ ದೋಣಿ ನಿಲ್ಲಿಸುತ್ತಾರೆ, ಹುಟ್ಟು ಮತ್ತೆ ಎಳೆದುಕೊಂಡು ಮುಂದುವರಿಯಿರಿ. ತಡೆಯುವ ದಾರಿ ಒಂದೇ: ಮೊದಲು ಹಿಡಿ ಕೆಳಗೆ, ಬ್ಲೇಡ್ ನೀರಿಂದ ಹೊರಗೆ, ಆಮೇಲೆ ಮಣಿಕಟ್ಟು ತಿರುಗಿಸುವುದು. ಕೋಚ್‌ಗಳು ವಾರಗಟ್ಟಲೆ ಫೆದರ್ ಇಲ್ಲದೆ ಬರೀ ಸ್ಕ್ವೇರ್ ಬ್ಲೇಡಿನಲ್ಲಿ ಹುಟ್ಟು ಹಾಕಿಸುವುದು ಈ ಕ್ರಮ ಕೈಗೆ ಕೂರಲೆಂದೇ. ಬೇಸರ ಪಡಬೇಡಿ.

ದೋಣಿ ಒಂದು ಕಡೆ ವಾಲಿದಾಗ ಎಲ್ಲರೂ ಮೈ ಆ ಕಡೆ ಈ ಕಡೆ ಹೊರಳಿಸುತ್ತಾರೆ. ಅದರಿಂದ ಹೆಚ್ಚು ಕೆಡುತ್ತದೆ. ಸಮತೋಲ ಇರುವುದು ಹಿಡಿಗಳ ಎತ್ತರದಲ್ಲಿ. ಪೋರ್ಟ್ ಕಡೆ ಕುಸಿದಿದ್ದರೆ ಪೋರ್ಟ್‌ನವರು ಹಿಡಿ ಸ್ವಲ್ಪ ಎತ್ತಬೇಕು, ಸ್ಟಾರ್‌ಬೋರ್ಡ್‌ನವರು ಸ್ವಲ್ಪ ತಗ್ಗಿಸಬೇಕು. ಸೊಂಟ ಸೀಟಿನ ಮಧ್ಯದಲ್ಲಿ ನೆಟ್ಟಗಿರಲಿ, ನೋಟ ಎದುರಿಗಿನವರ ಕತ್ತಿನ ಹಿಂಭಾಗದಲ್ಲಿ. ನಿಮ್ಮ ಬ್ಲೇಡ್ ಸರಿಯಾಗಿ ಬಿತ್ತೇ ಎಂದು ತಿರುಗಿ ನೋಡಿದ ಕೂಡಲೇ ಭುಜ ತಿರುಗುತ್ತದೆ, ಹಿಡಿ ಏಳುತ್ತದೆ, ದೋಣಿ ವಾಲುತ್ತದೆ.

ಇನ್ನೊಂದು ವಿಷಯಕ್ಕೆ ನಾವು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇವೆ: ರಿಕವರಿಯಲ್ಲಿ ತಾಳ್ಮೆ. ಲೆಕ್ಕ ನೋಡಿ. ದೋಣಿ ಸುಮಾರು 100 ಕಿಲೋ, ಅದರಲ್ಲಿ ಕೂತ ಎಂಟು ಮಕ್ಕಳು ಸೇರಿ 500 ಕಿಲೋ ಆಸುಪಾಸು. ಅಷ್ಟು ಭಾರ ಸ್ಲೈಡ್ ಮೇಲೆ ಜೋರಾಗಿ ಓಡಿ ಬಂದು ಕಾಲ್ಹಲಗೆಗೆ ಬಡಿದರೆ, ತನ್ನ ಐದರಷ್ಟು ತೂಕದ ಪೆಟ್ಟು ತಿಂದ ದೋಣಿ ಪ್ರತಿ ಸ್ಟ್ರೋಕ್‌ಗೂ ಮುಗ್ಗರಿಸುತ್ತದೆ. ಎಳೆದು ಗಳಿಸಿದ ವೇಗ ಅಲ್ಲಿಯೇ ಹೋಯಿತು. ನಿಮಿಷಕ್ಕೆ 18 ರಿಂದ 20 ಸ್ಟ್ರೋಕ್ ಹೊಡೆಯುವಾಗ ಡ್ರೈವ್‌ಗೆ ಒಂದು ಪಾಲು ಸಮಯವಾದರೆ ರಿಕವರಿಗೆ ಎರಡು ಪಾಲು ಬೇಕು. ತಳದ ಕೆಳಗೆ ನೀರು ಗುಳುಗುಳು ಸದ್ದು ಮಾಡುತ್ತ ಒಂದೇ ಸಮ ಹರಿಯುವುದು ಕೇಳಿಸಿದರೆ ಸರಿಯಾಗಿದೆ ಎಂದರ್ಥ. ಆ ಸದ್ದು ಪ್ರತಿ ಕ್ಯಾಚ್‌ಗೆ ಕತ್ತರಿಸಿ ನಿಂತರೆ ಯಾರೋ ಓಡಿ ಬರುತ್ತಿದ್ದಾರೆ.

ಕಾಕ್ಸ್ ಸೀಟು

ಭಾರತೀಯ ಮನೆಗಳ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು. ಕುಳ್ಳಗೆ ಸಣ್ಣಗೆ ಇದ್ದೀರಿ ಎಂದು ಮೊದಲ ದಿನವೇ ‘ನೀನು ಕಾಕ್ಸ್ ಆಗು’ ಎನ್ನುವವರು ಸಿಗುತ್ತಾರೆ. ಹುಟ್ಟು ಹಾಕುವ ಆಸೆಯಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಿ. ಹದಿನಾಲ್ಕರಲ್ಲಿ ಕುಳ್ಳಗಿದ್ದವರು ಹದಿನೇಳರಲ್ಲೂ ಹಾಗೇ ಇರಬೇಕೆಂದಿಲ್ಲ. ಆದರೆ ಕಾಕ್ಸ್ ಎಂದರೆ ಉಳಿದದ್ದು ಸಿಕ್ಕವರ ಸೀಟಲ್ಲ. ಚುಕ್ಕಾಣಿ ಅವರ ಕೈಯಲ್ಲಿ, ಎಂಟು ಜನರ ಸುರಕ್ಷತೆ ಅವರ ಹೊಣೆ, ಕೋಚ್ ಹೇಳಿದ್ದನ್ನು ನೀರಿನಲ್ಲಿ ಮಾಡಿಸುವವರೂ ಅವರೇ. ಹೊಸ ಕಾಕ್ಸ್ ಮಾಡುವ ತಪ್ಪು ಚುಕ್ಕಾಣಿಯನ್ನು ಜೋರಾಗಿ ಎಳೆಯುವುದು. 18 ಮೀಟರಿನ ದೋಣಿ ತಿರುಗಲು ಎರಡು ಮೂರು ಸ್ಟ್ರೋಕ್ ತೆಗೆದುಕೊಳ್ಳುತ್ತದೆ. ತಿರುಗಲಿಲ್ಲವೆಂದು ಇನ್ನಷ್ಟು ಎಳೆದರೆ ಹಾವಿನಂತೆ ಓಡಾಡುತ್ತದೆ. ಕಮ್ಮಿ ಎಳೆದು, ಕಾದು, ನೇರ ಮಾಡಿ. ದೂರದ ಒಂದು ಮರವನ್ನೋ ಸೇತುವೆಯ ಕಂಬವನ್ನೋ ಗುರಿ ಇಟ್ಟುಕೊಳ್ಳಿ. ಮಾತು ಚಿಕ್ಕದಾಗಿರಲಿ: ಮೊದಲು ಯಾರಿಗೆ, ಆಮೇಲೆ ಏನು, ಆಮೇಲೆ ಯಾವಾಗ.

2000 ಮೀಟರ್ ಟೆಸ್ಟ್

ಚಳಿಗಾಲದಲ್ಲಿ ಅರ್ಗ್ ಮೇಲೆ 2000 ಮೀಟರ್ ಸಮಯ ತೆಗೆಯುತ್ತಾರೆ. ಹೆದರಿಕೆಯ ದಿನ ಇದು, ಕೆಡುವುದು ಬಹುಪಾಲು ಮೊದಲ ಒಂದು ನಿಮಿಷದಲ್ಲಿ. ಪರದೆಯಲ್ಲಿ 500 ಮೀಟರಿಗೆ ಎಷ್ಟು ಸಮಯ ಎಂಬ ಸ್ಪ್ಲಿಟ್ ಕಾಣುತ್ತದೆ. ವೇಗ ಹೆಚ್ಚಿದಂತೆ ಬೇಕಾಗುವ ಶಕ್ತಿ ಅದರ ಘನದಷ್ಟು ಏರುತ್ತದೆ. 2:05 ಸ್ಪ್ಲಿಟ್‌ಗೆ ಸುಮಾರು 179 ವಾಟ್, 1:50ಕ್ಕೆ 263 ವಾಟ್. 2:05ರ ತಾಕತ್ತಿನವರು ಉತ್ಸಾಹದಲ್ಲಿ 1:50ರಲ್ಲಿ ಹೊರಟರೆ ತಮ್ಮ ಶಕ್ತಿಯ ಒಂದೂವರೆ ಪಟ್ಟು ಸುಡುತ್ತಿರುತ್ತಾರೆ; 800 ಮೀಟರ್ ಹೊತ್ತಿಗೆ ಕಾಲು ಕಲ್ಲಾಗುತ್ತದೆ. ಹೀಗೆ ಮಾಡಿ: ಮೊದಲ ಹತ್ತು ಸ್ಟ್ರೋಕ್ ಚುರುಕಾಗಿ, ಕೂಡಲೇ ಗುರಿಗಿಂತ ಒಂದೆರಡು ಸೆಕೆಂಡ್ ನಿಧಾನಕ್ಕೆ ಇಳಿದು 500 ಮೀಟರ್, ನಡುವಿನ 1200 ಮೀಟರ್ ಗುರಿಯಲ್ಲೇ, ಕೊನೆಯ 300ರಲ್ಲಿ ಉಳಿದಿದ್ದನ್ನೆಲ್ಲ ಹಾಕಿ. ಉದ್ದಕ್ಕೂ 2:05 ಹಿಡಿದರೆ ಒಟ್ಟು 8 ನಿಮಿಷ 20 ಸೆಕೆಂಡ್. ಮೊದಲ ಟೆಸ್ಟ್‌ನ ಕೆಲಸ ಮುಂದಿನದಕ್ಕೆ ಒಂದು ಅಂಕಿ ಕೊಡುವುದಷ್ಟೇ.

ತೂಕ ಇಳಿಸಿ ಲೈಟ್‌ವೇಟ್ (ತೂಕದ ಮಿತಿ ಇರುವ ವಿಭಾಗದವರು) ಆಗುವ ಯೋಚನೆ ಬೆಳೆಯುವ ವಯಸ್ಸಿನಲ್ಲಿ ಬೇಡವೇ ಬೇಡ. ಒಲಿಂಪಿಕ್ಸ್‌ನಲ್ಲೂ ಲೈಟ್‌ವೇಟ್ ವಿಭಾಗ 2024ರ ಪ್ಯಾರಿಸ್‌ಗೇ ಮುಗಿಯಿತು. ಊಟ ಬಿಟ್ಟು ಸೀಟು ಗಿಟ್ಟಿಸು ಎನ್ನುವ ಕೋಚ್ ಇದ್ದರೆ ತಂಡ ಬದಲಿಸಿ. ಕಾಲೇಜು ಸೀಟಿನ ಲೆಕ್ಕ ಹಾಕುವ ಅಪ್ಪ ಅಮ್ಮಂದಿರಿಗೂ ಒಂದು ಮಾತು: ಹೆಣ್ಣುಮಕ್ಕಳ ರೋಯಿಂಗ್ 1997ರಿಂದ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ) ಚಾಂಪಿಯನ್‌ಶಿಪ್ ಕ್ರೀಡೆ, ಸ್ಕಾಲರ್‌ಶಿಪ್ ಅವಕಾಶ ಅಲ್ಲಿ ಹೆಚ್ಚು. ಗಂಡುಮಕ್ಕಳ ರೋಯಿಂಗ್ ಎನ್‌ಸಿಎಎ ಅಡಿಯಲ್ಲಿಲ್ಲ, ಅಲ್ಲಿ ಹಣ ಬಹಳ ಕಡಿಮೆ. ನೋವಿಸ್ ವರ್ಷದಲ್ಲಿ ಈ ಮಾತನ್ನು ಊಟದ ಮೇಜಿಗೆ ತರಬೇಡಿ.

ರೇಸ್ ದಿನ

ದೋಣಿಗಳನ್ನು ಬಿಚ್ಚಿ ಟ್ರೇಲರ್‌ಗೆ ಏರಿಸುವುದು ಹಿಂದಿನ ದಿನವೇ ಮುಗಿಯುತ್ತದೆ, ಅದಕ್ಕೆ ಎಲ್ಲರೂ ಇರಬೇಕು. ಬೆಳಗ್ಗೆ ಐದಕ್ಕೆ ಮನೆ ಬಿಟ್ಟು ಮಧ್ಯಾಹ್ನ ಎಂಟು ನಿಮಿಷ ಓಡುವ ದಿನ ಅದು. ಎರಡು ಜೊತೆ ಒಣ ಬಟ್ಟೆ, ಬೆಚ್ಚನೆ ಜಾಕೆಟ್, ಎರಡು ಲೀಟರ್ ನೀರು, ಸನ್‌ಸ್ಕ್ರೀನ್, ಚಿತ್ರಾನ್ನವೋ ಮೊಸರನ್ನವೋ ಕಟ್ಟಿಕೊಳ್ಳಿ. ರೇಸ್‌ಗೆ ಎರಡೂವರೆ ಮೂರು ಗಂಟೆ ಮೊದಲು ಊಟ ಮುಗಿಸಿ. ಸ್ಪ್ರಿಂಗ್ ರೇಸ್‌ನ ಆರಂಭದಲ್ಲಿ ‘ಅಟೆನ್ಷನ್’ ಎಂದ ಮೇಲೆ ಕೆಂಪು ದೀಪ ಅಥವಾ ಬಾವುಟ, ತುಸು ತಡೆದು ಸಂಕೇತ. ಮೊದಲ ಐದು ಸ್ಟ್ರೋಕ್ ಪೂರ್ತಿ ಸ್ಲೈಡ್ ಬಳಸದೆ ಗಿಡ್ಡವಾಗಿ ಹೊಡೆಯುತ್ತಾರೆ; ನಿಂತ ದೋಣಿಯನ್ನು ಎಬ್ಬಿಸಲು ಅದು. ಅಲ್ಲಿ ಕ್ರ್ಯಾಬ್ ಆದರೆ ಗಾಬರಿ ಬೇಡ, ಬ್ಲೇಡ್ ಹೊರತೆಗೆದು ಎದುರಿಗಿನವರ ಮುಂದಿನ ಕ್ಯಾಚ್‌ಗೆ ಸೇರಿಕೊಳ್ಳಿ. ನೋವಿಸ್ ರೇಸ್‌ಗಳಲ್ಲಿ ಪಕ್ಕದ ಲೇನಿನಲ್ಲೂ ಯಾರಿಗಾದರೂ ಅದೇ ಆಗುತ್ತಿರುತ್ತದೆ.

ಮುಗಿದ ಮೇಲೆ ರಿಗ್ಗರ್ (ದೋಣಿಯ ಬದಿಯಿಂದ ಚಾಚಿ ಓರ್‌ಲಾಕ್ ಹೊರುವ ಚೌಕಟ್ಟು) ಕಳಚುವ ಕೆಲಸ ಮತ್ತೆ ಇದೆ. ಬೇಕಾಗುವ ಸ್ಪ್ಯಾನರ್ ಹೆಚ್ಚಾಗಿ 7/16 ಇಂಚಿನದು ಅಥವಾ 10 ಮಿಲಿಮೀಟರಿನದು. ಒಂದನ್ನು ಹೆಸರು ಬರೆದ ಟೇಪ್ ಸುತ್ತಿ ನಿಮ್ಮ ಬ್ಯಾಗಿನಲ್ಲೇ ಇಟ್ಟುಕೊಳ್ಳಿ. ಬಿಚ್ಚಿದ ನಟ್ಟು ವಾಷರ್‌ಗಳನ್ನು ಹುಲ್ಲಿನ ಮೇಲೆ ಇಡಬೇಡಿ, ಅದೇ ಬೋಲ್ಟಿಗೆ ವಾಪಸು ತಿರುಗಿಸಿ ಬಿಡಿ. ರಿಗ್ಗರ್ ಮೇಲೆ ಸೀಟಿನ ಸಂಖ್ಯೆ ಕಾಣಿಸುವಂತೆ ಕಟ್ಟಿ. ಸೋಮವಾರ ಬೋಟ್‌ಹೌಸ್‌ನಲ್ಲಿ ಅದನ್ನು ಮತ್ತೆ ಜೋಡಿಸುವವರು ನೀವೇ.